ಡಿಸ್ಕ್ ತುಂಬಿತ್ತು, ಪ್ರೋಗ್ರಾಂ ಮಾತ್ರ "ಎಲ್ಲ ಸರಿ" ಎಂದಿತು: ದೋಷ ನಿರ್ವಹಣೆಯನ್ನು ಪರೀಕ್ಷಿಸುವುದು ಹೇಗೆ?

ಮೂರನೇಸಾಲು · ಸೋಮವಾರ, ರಾತ್ರಿ 10:52

ಮೂರು ರಾತ್ರಿಗಳ ದತ್ತಾಂಶ ಕಳೆದುಕೊಂಡು ಬರೆಯುತ್ತಿದ್ದೇನೆ. ಮಾತಿನಲ್ಲಿ ಕಹಿ ಕಂಡರೆ ಕ್ಷಮಿಸಿ.

ಸಿ ಭಾಷೆಯಲ್ಲಿ ನಾನೇ ಬರೆದ ಪುಟ್ಟ ಪ್ರೋಗ್ರಾಂ ಒಂದಿದೆ, ಹೆಸರು "ತಿರುಗಿಸು". ಪಠ್ಯ ಕಡತದಲ್ಲಿರುವ ಅಳತೆಗಳನ್ನು ಸಾಲು ಸಾಲಾಗಿ ಓದಿ, ಬೇರೆ ವಿನ್ಯಾಸಕ್ಕೆ ತಿರುಗಿಸಿ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ (ಪ್ರೋಗ್ರಾಮಿನ ಮಾಮೂಲಿ ಹೊರದಾರಿ) ಬರೆಯುತ್ತದೆ. ಪ್ರತಿ ರಾತ್ರಿ ಕ್ರಾನ್ (ಗೊತ್ತಾದ ವೇಳೆಗೆ ಆಜ್ಞೆಗಳನ್ನು ಓಡಿಸುವ ವ್ಯವಸ್ಥೆ) ಅದನ್ನು ಓಡಿಸುತ್ತದೆ. ಔಟ್‌ಪುಟ್ ಒಂದು ಕಡತಕ್ಕೆ ಹೋಗುತ್ತದೆ. ಪ್ರೋಗ್ರಾಂ ಗೆದ್ದರೆ ಮಾತ್ರ, ಅಂದರೆ && ದಾಟಿದರೆ ಮಾತ್ರ (ಎಡಗಡೆಯ ಆಜ್ಞೆ ಗೆದ್ದರಷ್ಟೇ ಬಲಗಡೆಯದನ್ನು ಓಡಿಸುವ ಚಿಹ್ನೆ ಅದು), ಮೂಲ ಕಡತವನ್ನು ಅಳಿಸಬೇಕು. ಅಷ್ಟು ಎಚ್ಚರಿಕೆ ವಹಿಸಿದ್ದೆ ಎಂದುಕೊಂಡಿದ್ದೆ.

ಕಳೆದ ವಾರ ಔಟ್‌ಪುಟ್ ಹೋಗುವ ಡಿಸ್ಕ್ ತುಂಬಿತು. ಮೊದಲ ರಾತ್ರಿಯ ಕಡತ 40960 ಬೈಟ್‌ಗೆ ನಿಂತಿದೆ, ಕೊನೆಯ ಸಾಲು ಒಂದು ಸಂಖ್ಯೆಯ ನಡುವೆಯೇ ತುಂಡಾಗಿದೆ. ಮುಂದಿನ ಎರಡು ರಾತ್ರಿಗಳ ಕಡತಗಳು ಸೊನ್ನೆ ಬೈಟ್. ಬೇರೆ ಡಿಸ್ಕಿನಲ್ಲಿದ್ದ ಮೂಲ ಕಡತಗಳು ಮೂರೂ ಅಳಿಸಿಹೋಗಿವೆ. ಒಂದೇ ಒಂದು ದೋಷ ಸಂದೇಶವಿಲ್ಲ.

ಪರೀಕ್ಷೆಗಳಿಲ್ಲವೇ ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ: 140 ಇವೆ, ಎಲ್ಲವೂ ಹಸಿರು. ಇಲ್ಲದ ಕಡತದ ಹೆಸರು ಕೊಟ್ಟರೆ, ತಪ್ಪು ಆಯ್ಕೆ ಕೊಟ್ಟರೆ, ಸಾಲಿನ ರೂಪ ಕೆಟ್ಟಿದ್ದರೆ ಪ್ರೋಗ್ರಾಂ ಸೋಲಬೇಕು ಎಂಬುದಕ್ಕೂ ಪರೀಕ್ಷೆಗಳಿವೆ. ನನಗೆ ಅನುಮಾನ ಕ್ರಾನ್ ಮೇಲೆ. ಅದು ಎಕ್ಸಿಟ್ ಕೋಡನ್ನು (ಪ್ರೋಗ್ರಾಂ ಮುಗಿಯುವಾಗ ಕೊಡುವ ಸಂಖ್ಯೆ, ಸೊನ್ನೆ ಎಂದರೆ ಗೆಲುವು) ಎಲ್ಲೋ ನುಂಗಿದೆಯೇ?

---

ಹಳೆಟರ್ಮಿನಲ್ · ಸೋಮವಾರ, ರಾತ್ರಿ 11:15

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. && ನೋಡುವುದು ಆಜ್ಞೆಗಳನ್ನು ಓದಿ ಓಡಿಸುವ ಶೆಲ್, ಕ್ರಾನ್ ಅಲ್ಲ. ನಿಮ್ಮ ಪ್ರೋಗ್ರಾಂ ಸೊನ್ನೆ ಹಿಂದಿರುಗಿಸಿದೆ, ಅದಕ್ಕೇ ಅಳಿಸುವ ಆಜ್ಞೆ ಓಡಿದೆ.

ಸುಳಿವು ನೀವೇ ಕೊಟ್ಟಿದ್ದೀರಿ. 40960 ಎಂದರೆ 4096ರ ಹತ್ತು ಪಟ್ಟು. ನಿಮ್ಮ 4096 ಬೈಟ್‌ನ ಬಫರ್, ಅಂದರೆ ಬರಹ ಕೂಡಿಟ್ಟುಕೊಳ್ಳುವ ಜಾಗ, ಹತ್ತು ಬಾರಿ ಡಿಸ್ಕಿಗೆ ಇಳಿದಿದೆ, ಹನ್ನೊಂದನೇ ಬಾರಿ ಜಾಗವಿಲ್ಲ ಎಂಬ ಉತ್ತರ ಬಂದಿದೆ. ಆ ಉತ್ತರವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಲಿನಕ್ಸ್‌ನಲ್ಲಿ ಇದನ್ನು ಮತ್ತೆ ನೋಡಲು ಡಿಸ್ಕ್ ತುಂಬಿಸಬೇಕಾಗಿಲ್ಲ. ಡೆವ್ ಡೈರೆಕ್ಟರಿಯಲ್ಲಿ ನಲ್‌ನ ನೆರೆಯಲ್ಲೇ ಫುಲ್ ಎಂಬುದೊಂದು ಇದೆ. ನಲ್ ಏನು ಕೊಟ್ಟರೂ ನುಂಗುತ್ತದೆ. ಫುಲ್ ಏನು ಬರೆಯಹೋದರೂ "ಜಾಗವಿಲ್ಲ" ಎನ್ನುತ್ತದೆ, ದೋಷ ಸಂಖ್ಯೆ 28. ಹೀಗೆ ಮಾಡಿ:

./ತಿರುಗಿಸು ಅಳತೆ.ಪಠ್ಯ > /ಡೆವ್/ಫುಲ್
ಎಕೋ $?

ಎರಡನೆಯ ಸಾಲು ಎಕ್ಸಿಟ್ ಕೋಡನ್ನು ತೋರಿಸುತ್ತದೆ. ಏನು ಬಂತೆಂದು ಹೇಳಿ.

---

ಮೂರನೇಸಾಲು · ಸೋಮವಾರ, ರಾತ್ರಿ 11:21

ಸೊನ್ನೆ.

---

ಹಳೆಟರ್ಮಿನಲ್ · ಸೋಮವಾರ, ರಾತ್ರಿ 11:24

ಸಿಕ್ಕಿತಲ್ಲ. ನಿಮ್ಮ 140 ಪರೀಕ್ಷೆಗಳಲ್ಲಿ ದೋಷ ಬರುವುದು ಒಳಗೆ ಬರುವ ಬಾಗಿಲಲ್ಲಿ ಮಾತ್ರ. ಹೊರಗೆ ಹೋಗುವ ಬಾಗಿಲಿಗೆ ಕಾವಲೇ ಇಲ್ಲ.

---

ಕಲಿಯುತ್ತಿದ್ದೇನೆ · ಮಂಗಳವಾರ, ಬೆಳಿಗ್ಗೆ 7:40

ಹಿರಿಯರು ಮನ್ನಿಸಬೇಕು, ಬಹುಶಃ ದಡ್ಡ ಪ್ರಶ್ನೆ. ಸಿ ಕಲಿಯಲು ಮೊದಲ ದಿನ ಬರೆಯುತ್ತೇವಲ್ಲ, "ನಮಸ್ಕಾರ" ಎಂದು ಮುದ್ರಿಸುವ ಐದು ಸಾಲಿನ ಪ್ರೋಗ್ರಾಂ, ಅದನ್ನೇ ಫುಲ್‌ಗೆ ಕಳುಹಿಸಿದೆ. ಅದೂ ಸೊನ್ನೆ ಕೊಟ್ಟಿತು! ಮುದ್ರಿಸುವ ಪ್ರಿಂಟ್‌ಎಫ್ ಏನು ಹಿಂದಿರುಗಿಸುತ್ತದೆ ಎಂದೂ ಪರೀಕ್ಷಿಸಿದೆ. ಅದು ಸರಿಯಾದ ಅಕ್ಷರಗಳ ಎಣಿಕೆಯನ್ನೇ ಕೊಟ್ಟಿತು, ಸೋಲನ್ನು ಸೂಚಿಸುವ ಋಣ ಸಂಖ್ಯೆ ಬರಲಿಲ್ಲ. ಹಾಗಾದರೆ ದೋಷ ಬಂದದ್ದಾದರೂ ಎಲ್ಲಿ?

---

ಹಳೆಟರ್ಮಿನಲ್ · ಮಂಗಳವಾರ, ಬೆಳಿಗ್ಗೆ 8:05

@ಕಲಿಯುತ್ತಿದ್ದೇನೆ, ಇದು ದಡ್ಡ ಪ್ರಶ್ನೆಯಲ್ಲ, ಇಡೀ ಚರ್ಚೆಯ ಗಂಟು ಇಲ್ಲೇ ಇದೆ.

ಪ್ರಿಂಟ್‌ಎಫ್ ಬರೆಯುವುದು ಡಿಸ್ಕಿಗಲ್ಲ, ನೆನಪಿನಲ್ಲಿರುವ ಒಂದು ಬಫರ್‌ಗೆ. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಪ್ರತಿ ಸಾಲಿನ ಕೊನೆಗೆ ಬಫರ್ ಖಾಲಿಯಾಗುತ್ತದೆ. ಕಡತಕ್ಕೋ ಪೈಪ್‌ಗೋ (ಒಂದು ಪ್ರೋಗ್ರಾಮಿನ ಔಟ್‌ಪುಟನ್ನು ಇನ್ನೊಂದಕ್ಕೆ ಕೊಡುವ ದಾರಿ) ಹೋಗುತ್ತಿದ್ದರೆ ಬಫರ್ ತುಂಬುವವರೆಗೆ ಸುಮ್ಮನೆ ಕೂಡಿಸಿಕೊಳ್ಳುತ್ತದೆ. ನಿಮ್ಮದು ಒಂದೇ ಸಾಲು, ಬಫರ್ ತುಂಬಲೇ ಇಲ್ಲ. ಮೇನ್ ಮುಗಿದು "ರಿಟರ್ನ್ 0" ಎಂದ ಮೇಲೆ, ಪ್ರಕ್ರಿಯೆ ಕಣ್ಣು ಮುಚ್ಚುವ ಮುನ್ನ, ಲೈಬ್ರರಿ ಆ ಬಫರನ್ನು ಹೊರಗೆ ತಳ್ಳುತ್ತದೆ. ದೋಷ ಬಂದದ್ದು ಆಗ. ಅಷ್ಟರಲ್ಲಿ ನೀವು ಯಶಸ್ಸು ಸಾರಿ ಆಗಿತ್ತು.

ಪರಿಹಾರ ಮೂರು ಸಾಲು. ಮುಗಿಸುವ ಮೊದಲು ಸ್ಟ್ಯಾಂಡರ್ಡ್ ಔಟ್‌ಪುಟ್ ಮೇಲೆ ಎಫ್‌ಎರರ್ ಕೇಳಿ (ಈವರೆಗೆ ತಪ್ಪಾಗಿದೆಯೇ ಎಂದು), ನಂತರ ಎಫ್‌ಕ್ಲೋಸ್ ಮಾಡಿ (ಬಫರ್ ಖಾಲಿಮಾಡಿ ಮುಚ್ಚುವುದು) ಅದರ ಉತ್ತರ ನೋಡಿ, ಎರಡರಲ್ಲಿ ಒಂದು ತಪ್ಪಿದರೂ ಸ್ಟ್ಯಾಂಡರ್ಡ್ ಎರರ್‌ಗೆ (ದೋಷ ಸಂದೇಶಗಳ ಪ್ರತ್ಯೇಕ ದಾರಿ) ಸಂದೇಶ ಬರೆದು 1 ಹಿಂದಿರುಗಿಸಿ. ಎಫ್‌ಕ್ಲೋಸ್ ಒಂದೇ ಸಾಲದು. ನಡುವೆ ಎಂದೋ ಒಂದು ಬರಹ ಸೋತು, ಕೊನೆಯಲ್ಲಿ ಬಫರ್ ಖಾಲಿಯಾಗಿದ್ದರೆ ಎಫ್‌ಕ್ಲೋಸ್ ನಗುನಗುತ್ತಾ ಗೆಲ್ಲಬಹುದು. ಇನ್ನೊಂದು ಮಾತು: ಎಫ್‌ಎರರ್ "ತಪ್ಪಾಗಿದೆ" ಎನ್ನುತ್ತದೆಯೇ ಹೊರತು ಯಾವ ತಪ್ಪು ಎನ್ನುವುದಿಲ್ಲ. ಅಷ್ಟು ಹೊತ್ತಿಗೆ ಕೊನೆಯ ದೋಷದ ಸಂಖ್ಯೆಯಿಡುವ ಎರ್ರ್‌ನೋದಲ್ಲಿ ಬೇರೆಯದೇನೋ ಕುಳಿತಿರಬಹುದು, ಅದನ್ನು ನಂಬಿ ಸುಳ್ಳು ಕಾರಣ ಮುದ್ರಿಸಬೇಡಿ.

ಗ್ನೂ ಕೋರ್‌ಯುಟಿಲ್ಸ್‌ನ (ಲಿನಕ್ಸ್‌ನ ದಿನಬಳಕೆಯ ಆಜ್ಞೆಗಳ ಕಟ್ಟು) ಪ್ರೋಗ್ರಾಂಗಳು ಈ ತಪಾಸಣೆಯನ್ನು ನಿರ್ಗಮನದ ವೇಳೆ ತಾವಾಗಿಯೇ ಓಡುವಂತೆ ನೋಂದಾಯಿಸಿಕೊಂಡಿರುತ್ತವೆ. ಕ್ಯಾಟ್, ಸಾರ್ಟ್ ಯಾವುದನ್ನಾದರೂ ಫುಲ್‌ಗೆ ಕಳುಹಿಸಿ ನೋಡಿ, ಗೊಣಗುತ್ತವೆ.

---

ಅರ್ಧವಿರಾಮ · ಮಂಗಳವಾರ, ಬೆಳಿಗ್ಗೆ 9:30

ಬೇರೆ ಭಾಷೆಯವರು "ಅದು ಸಿ ಪಾಡು" ಎಂದು ಮೀಸೆಯ ಮೇಲೆ ಕೈ ಹಾಕುವ ಮೊದಲು: ಪೈಥಾನ್ 3 ನಿರ್ಗಮಿಸುವಾಗ ಫ್ಲಶ್ (ಬಫರ್ ಖಾಲಿಮಾಡುವುದು) ಸೋತರೆ ಗೊಣಗಿ 120 ಕೊಡುತ್ತದೆ. ರಸ್ಟ್‌ನ ಪ್ರಿಂಟ್‌ಲೈನ್ ಪ್ಯಾನಿಕ್ ಆಗಿ 101 ಕೊಡುತ್ತದೆ. ಜಾವಾದ ಸಿಸ್ಟಂ ಔಟ್ ಮಾತ್ರ ದೋಷವನ್ನು ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತದೆ, ಚೆಕ್‌ಎರರ್ ಎಂದು ನೀವಾಗಿ ಕೇಳಬೇಕು. ಗೋ ಭಾಷೆಯ ಪ್ರಿಂಟ್‌ಲೈನ್ ದೋಷವನ್ನು ಕೈಗೇ ಕೊಡುತ್ತದೆ. ಅದನ್ನು ಹಿಡಿದುಕೊಂಡವರನ್ನು ನಾನಂತೂ ಕಂಡಿಲ್ಲ.

ವೃತ್ತಿಯಿಂದ ನಾನು ಟೆಸ್ಟರ್. @ಮೂರನೇಸಾಲು, "ಸೋಲಬೇಕು" ಎಂಬ ಪರೀಕ್ಷೆಗಳಲ್ಲಿ ನೀವು ನಿಖರವಾಗಿ ಏನನ್ನು ಹೋಲಿಸುತ್ತಿದ್ದೀರಿ? ಒಂದನ್ನು ಹಾಗೆಯೇ ಇಲ್ಲಿ ಹಾಕಿ.

---

ಮೂರನೇಸಾಲು · ಮಂಗಳವಾರ, ಬೆಳಿಗ್ಗೆ 9:58

ಬ್ಯಾಶ್ ಎಂಬ ಶೆಲ್‌ನಲ್ಲಿ ಬರೆದದ್ದು. ಅರ್ಥ ಇಷ್ಟೇ: ಇಲ್ಲದ ಕಡತ ಕೊಟ್ಟು ಓಡಿಸು, ಎಕ್ಸಿಟ್ ಕೋಡ್ ಸೊನ್ನೆಯಲ್ಲದಿದ್ದರೆ ಪಾಸ್.

---

ಅರ್ಧವಿರಾಮ · ಮಂಗಳವಾರ, ಬೆಳಿಗ್ಗೆ 10:20

ನಾನು ಹೆದರಿದ್ದು ಅದಕ್ಕೇ.

"ಸೊನ್ನೆಯಲ್ಲದಿದ್ದರೆ ಪಾಸ್" ಎಂಬ ಪರೀಕ್ಷೆ ಎಷ್ಟು ಸಡಿಲ ಎಂದು ತಿಳಿಯಲು ನನ್ನದೇ ಮಾನ ಹರಾಜಿಗಿಡುತ್ತೇನೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಸೋಲಿನ ಪರೀಕ್ಷೆಗಳು ಮಾತ್ರ ಬೇರೊಂದು ಕಡತದಲ್ಲಿದ್ದವು, ಬೇರೆ ಡೈರೆಕ್ಟರಿಯಿಂದ ಓಡುತ್ತಿದ್ದವು. ಯಾರೋ ಬಿಲ್ಡ್‌ನ ಜಾಗ ಬದಲಿಸಿದರು. ಅಂದಿನಿಂದ ಆ ಪರೀಕ್ಷೆಗಳು ಪ್ರೋಗ್ರಾಮನ್ನು ಓಡಿಸಲೇ ಇಲ್ಲ. ಶೆಲ್ "ಅಂಥ ಆಜ್ಞೆಯೇ ಇಲ್ಲ" ಎಂದು 127 ಕೊಡುತ್ತಿತ್ತು. 127 ಸೊನ್ನೆಯಲ್ಲ. ಪಾಸ್! ತಿಂಗಳುಗಟ್ಟಲೆ ನಾವು ಪರೀಕ್ಷಿಸಿದ್ದು ಪ್ರೋಗ್ರಾಂ ಇಲ್ಲದಿರುವುದನ್ನು.

ಅದೇ ರೀತಿ 126 ಎಂದರೆ ಕಡತವಿದೆ, ಓಡಿಸುವ ಅನುಮತಿಯಿಲ್ಲ. 139 ಎಂದರೆ 128ಕ್ಕೆ ಪ್ರೋಗ್ರಾಮನ್ನು ಕೊಂದ ಸಿಗ್ನಲ್‌ನ ಸಂಖ್ಯೆ 11 ಸೇರಿಸಿದ್ದು, ಅಂದರೆ ಸೆಗ್ಮೆಂಟೇಷನ್ ಫಾಲ್ಟ್ (ಮುಟ್ಟಬಾರದ ನೆನಪನ್ನು ಮುಟ್ಟಿ ಕುಸಿದದ್ದು). ಪ್ರೋಗ್ರಾಂ ದೋಷವನ್ನು ನಿಭಾಯಿಸದೆ ಕುಸಿದುಬಿದ್ದರೂ ನಿಮ್ಮ ಪರೀಕ್ಷೆ ಹಸಿರು ತೋರಿಸುತ್ತದೆ. ಆದ್ದರಿಂದ ನಿಖರವಾದ ಸಂಖ್ಯೆಯನ್ನೇ ಹೋಲಿಸಿ. ಬಳಕೆಯ ತಪ್ಪಿಗೆ 2, ಉಳಿದ ಸೋಲಿಗೆ 1 ಎಂದು ನೀವೇ ಗೊತ್ತುಮಾಡಿಕೊಳ್ಳಿ, ಕೈಪಿಡಿಯಲ್ಲಿ ಬರೆಯಿರಿ, ಪರೀಕ್ಷೆಯಲ್ಲಿ ಅದನ್ನೇ ಕೇಳಿ. ಬಿಎಸ್‌ಡಿ ಯುನಿಕ್ಸ್‌ನಿಂದ ಬಂದ, 64ರಿಂದ 78ರವರೆಗಿನ ಎಕ್ಸಿಟ್ ಕೋಡ್‌ಗಳ ಪಟ್ಟಿಯೂ ಒಂದಿದೆ. ಚೆನ್ನಾಗಿದೆ, ಆದರೆ ಬಳಸುವವರು ಕಡಿಮೆ.

ಇನ್ನೂ ಎರಡು ಹೋಲಿಕೆ ಬೇಕು. ಸಂದೇಶ ಸ್ಟ್ಯಾಂಡರ್ಡ್ ಎರರ್‌ಗೆ ಬಂತೇ? ಸ್ಟ್ಯಾಂಡರ್ಡ್ ಔಟ್‌ಪುಟ್ ಖಾಲಿ ಉಳಿಯಿತೇ? ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ದೋಷ ಸಂದೇಶ ಔಟ್‌ಪುಟ್‌ಗೆ ಬಂದರೆ, ಪೈಪ್‌ನ ಆ ಬದಿಯಲ್ಲಿರುವವನು ಅದನ್ನೂ ದತ್ತಾಂಶದ ಒಂದು ಸಾಲೆಂದು ಓದಿಕೊಳ್ಳುತ್ತಾನೆ. ಬ್ಯಾಟ್ಸ್ ಎಂಬ ಪರೀಕ್ಷಾ ಸಾಧನ ಬಳಸುವವರಿಗೆ ಎಚ್ಚರಿಕೆ: ಅದರ ರನ್ ಆಜ್ಞೆ ಎರಡನ್ನೂ ಬೆರೆಸಿ ಒಂದೇ ಚರಾಂಶದಲ್ಲಿಡುತ್ತದೆ. ಪ್ರತ್ಯೇಕವಾಗಿಡುವ ಆಯ್ಕೆ ಇದೆ, ಕೇಳಿದರೆ ಮಾತ್ರ ಕೊಡುತ್ತದೆ.

---

ಸೊನ್ನೆಒಂದು · ಮಂಗಳವಾರ, ಮಧ್ಯಾಹ್ನ 12:10

ನನಗೆ ಇದೆಲ್ಲ ಅತಿಯೆನಿಸುತ್ತದೆ. ಇನ್ನೂರು ಸಾಲಿನ ಪ್ರೋಗ್ರಾಮಿಗೆ ಸಾವಿರ ಸಾಲಿನ ಸೋಲಿನ ಪರೀಕ್ಷೆ ಬರೆಯುತ್ತಾ ಕುಳಿತರೆ ಕೆಲಸ ಮುಗಿಯುವುದು ಯಾವಾಗ? ಡಿಸ್ಕ್ ತುಂಬುವುದನ್ನು ನೋಡಿಕೊಳ್ಳಲು ನಿಗಾ ವ್ಯವಸ್ಥೆಗಳಿವೆ. ಡಿಸ್ಕ್ ತುಂಬಿದ ಯಂತ್ರದಲ್ಲಿ ಯಾವ ಪ್ರೋಗ್ರಾಂ ನೆಟ್ಟಗೆ ನಡೆಯುತ್ತದೆ ಹೇಳಿ.

---

ನಿಶಾಚರಿ · ಮಂಗಳವಾರ, ಮಧ್ಯಾಹ್ನ 12:45

@ಸೊನ್ನೆಒಂದು ಸರ್, ಆ ನಿಗಾ ವ್ಯವಸ್ಥೆಯನ್ನು ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುವವಳು ನಾನು. ಅದರ ಕಥೆಯನ್ನೂ ಕೇಳಿ.

ನಮ್ಮಲ್ಲಿ ಒಂದು ಸ್ಕ್ರಿಪ್ಟ್ ಇತ್ತು. ಲಾಗ್ ಕಡತದಲ್ಲಿ "ದೋಷ" ಎಂಬ ಪದವನ್ನು ಗ್ರೆಪ್‌ನಿಂದ ಹುಡುಕುವುದು. ಸಿಗದಿದ್ದರೆ "ಎಲ್ಲ ಕ್ಷೇಮ" ಎಂದು ವರದಿ ಕಳುಹಿಸುವುದು. ಒಂದು ದಿನ ಲಾಗ್ ಕಡತದ ಹೆಸರು ಬದಲಾಯಿತು. ಗ್ರೆಪ್ ಸಿಕ್ಕರೆ 0, ಸಿಗದಿದ್ದರೆ 1, ಕಡತವೇ ತೆರೆಯದಿದ್ದರೆ 2 ಕೊಡುತ್ತದೆ. ಸ್ಕ್ರಿಪ್ಟ್‌ಗೆ 1ಕ್ಕೂ 2ಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಕಡತವೇ ಇಲ್ಲದ್ದರಿಂದ ದೋಷವೂ ಇಲ್ಲ, ಎಲ್ಲ ಕ್ಷೇಮ! ಹನ್ನೊಂದು ರಾತ್ರಿ ನನಗೆ ಕ್ಷೇಮ ಸಮಾಚಾರ ಬಂತು. ಹನ್ನೆರಡನೆಯ ರಾತ್ರಿ ಫೋನ್ ಬಂತು.

ಎರಡು ಕಡತ ಹೋಲಿಸುವ ಡಿಫ್ ಕೂಡ ಹಾಗೆಯೇ: ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1, ತೊಂದರೆಯಾದರೆ 2. ಜಾಲದಿಂದ ಪುಟ ತರುವ ಕರ್ಲ್ ಇನ್ನೂ ಚೆಂದ. ಸರ್ವರ್ 404 (ಆ ಪುಟವಿಲ್ಲ) ಎಂದರೂ ಪುಟ ಬಂತಲ್ಲ ಎಂದು 0 ಕೊಡುತ್ತದೆ, ಫೇಲ್ ಎಂಬ ಆಯ್ಕೆ ಹಾಕಿದರೆ ಮಾತ್ರ 22. ಇವುಗಳನ್ನು ಕರೆಯುವ ಸ್ಕ್ರಿಪ್ಟ್ ಕೂಡ ಒಂದು ಪ್ರೋಗ್ರಾಮೇ. ಅದಕ್ಕೆ ಪರೀಕ್ಷೆ ಬರೆದವರನ್ನು ನಾನು ಇನ್ನೂ ಕಂಡಿಲ್ಲ.

---

ಸೊನ್ನೆಒಂದು · ಮಂಗಳವಾರ, ಮಧ್ಯಾಹ್ನ 1:02

ಮೇಡಂ, ಹನ್ನೊಂದು ರಾತ್ರಿಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ಎಲ್ಲೆ ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ.

---

ಪೈಪುಗಾರ · ಮಂಗಳವಾರ, ಮಧ್ಯಾಹ್ನ 2:30

ಪೈಪ್ ಬಗ್ಗೆ ಯಾರೂ ಮಾತೆತ್ತಿಲ್ಲವಲ್ಲ! ಪೈಪ್‌ಲೈನ್‌ನ ಎಕ್ಸಿಟ್ ಕೋಡ್ ಎಂದರೆ ಕೊನೆಯವನ ಎಕ್ಸಿಟ್ ಕೋಡ್ ಮಾತ್ರ. ಮೊದಲ ಮೂವರು ಸತ್ತರೂ ಕೊನೆಯವನು ಆರಾಮವಾಗಿದ್ದರೆ ಶೆಲ್‌ಗೆ ಸಂತೋಷ. ನಡುವೆ ಯಾರು ಸೋತರೂ ಇಡೀ ಪೈಪ್‌ಲೈನ್ ಸೋತಂತೆ ಎಣಿಸುವ ಪೈಪ್‌ಫೇಲ್ ಆಯ್ಕೆ ಹಾಕಿ. ಮೊದಲು ಬ್ಯಾಶ್, ಕೆಎಸ್‌ಎಚ್, ಜೆಡ್‌ಎಸ್‌ಎಚ್‌ನಂಥ ಕೆಲವು ಶೆಲ್‌ಗಳಲ್ಲಿ ಮಾತ್ರ ಇತ್ತು, ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್‌ಗೇ 2024ರ ಆವೃತ್ತಿಯಲ್ಲಿ ಸೇರಿದೆ. ಎಲ್ಲ ಸ್ಕ್ರಿಪ್ಟ್‌ಗಳ ತಲೆಯ ಮೇಲೂ ಇರಬೇಕು ಎನ್ನುವವನು ನಾನು.

---

ಸೊನ್ನೆಒಂದು · ಮಂಗಳವಾರ, ಮಧ್ಯಾಹ್ನ 2:48

ಎಲ್ಲ ಸ್ಕ್ರಿಪ್ಟ್‌ಗಳ ಮೇಲೂ ಎಂದರೆ ಒಪ್ಪುವುದಿಲ್ಲ. ದೊಡ್ಡ ಪಟ್ಟಿಯೊಂದನ್ನು ಹೆಡ್‌ಗೆ ಕೊಟ್ಟು ಮೊದಲ ಸಾಲು ತೆಗೆದುಕೊಳ್ಳಿ. ಹೆಡ್ ತನ್ನ ಸಾಲು ಸಿಕ್ಕ ಕೂಡಲೇ ಪೈಪ್ ಮುಚ್ಚುತ್ತದೆ. ಬರೆಯುತ್ತಿದ್ದವನಿಗೆ ಸಿಗ್‌ಪೈಪ್ (ಓದುವವರಿಲ್ಲ ಎಂಬ ಸಿಗ್ನಲ್) ಬಡಿದು 141 ಬರುತ್ತದೆ, 128ಕ್ಕೆ 13. ಯಾರದೂ ತಪ್ಪಿಲ್ಲ, ಆದರೆ ಪೈಪ್‌ಫೇಲ್ ಇಡೀ ಸ್ಕ್ರಿಪ್ಟನ್ನು ಸೋಲಿಸುತ್ತದೆ. ಅದೂ ಪ್ರತಿ ಬಾರಿಯಲ್ಲ: ಪಟ್ಟಿ ಚಿಕ್ಕದಿದ್ದರೆ ಎಲ್ಲವೂ ಪೈಪ್‌ನ ಬಫರ್‌ನಲ್ಲೇ ಹಿಡಿಸಿ ಗೆಲ್ಲುತ್ತದೆ, ದೊಡ್ಡದಿದ್ದರೆ ಸೋಲುತ್ತದೆ. ಪರೀಕ್ಷೆಯಲ್ಲಿ ಹಸಿರು, ನಿಜದ ದತ್ತಾಂಶದ ಮೇಲೆ ಕೆಂಪು.

---

ಪೈಪುಗಾರ · ಮಂಗಳವಾರ, ಮಧ್ಯಾಹ್ನ 3:05

ಸರಿ, ಈ ಒಂದು ಏಟು ನನಗೆ ಬಿತ್ತು. ಹಾಗಿದ್ದಲ್ಲಿ ಪ್ರತಿಯೊಬ್ಬರ ಎಕ್ಸಿಟ್ ಕೋಡ್ ಇರುವ ಪೈಪ್‌ಸ್ಟೇಟಸ್ ಪಟ್ಟಿ ನೋಡಿ 141ನ್ನು ಮಾತ್ರ ಬಿಟ್ಟುಕೊಡಿ. ಆದರೆ ಇದರಿಂದ ಇನ್ನೊಂದು ಪರೀಕ್ಷೆ ಹುಟ್ಟುತ್ತದೆ: ನಿಮ್ಮ ಪ್ರೋಗ್ರಾಮಿನ ಔಟ್‌ಪುಟನ್ನು ಹೆಡ್‌ಗೆ ಕೊಟ್ಟು, ಅದು ಸದ್ದಿಲ್ಲದೆ ಸಾಯುತ್ತದೆಯೇ ಅಥವಾ ಪುಟಗಟ್ಟಲೆ ಗೋಳಾಡುತ್ತದೆಯೇ ನೋಡಿ. ಪೈಥಾನ್ ಸಿಗ್‌ಪೈಪ್ ಸಿಗ್ನಲನ್ನು ಕಡೆಗಣಿಸುತ್ತದೆ, ಆದ್ದರಿಂದ ಅಲ್ಲಿ ಬ್ರೋಕನ್‌ಪೈಪ್‌ಎರರ್ ಎಂದು ಉದ್ದದ ಟ್ರೇಸ್‌ಬ್ಯಾಕ್ ಬರುತ್ತದೆ. ಮೊದಲ ಸಾಲು ಮಾತ್ರ ಬೇಕಾಗಿದ್ದ ಬಳಕೆದಾರ ಗಾಬರಿಬಿದ್ದು ನಿಮಗೆ ಮೇಲ್ ಬರೆಯುತ್ತಾನೆ.

---

ಮೂರನೇಸಾಲು · ಮಂಗಳವಾರ, ರಾತ್ರಿ 9:40

ಎಲ್ಲರಿಗೂ ಧನ್ಯವಾದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಶುರು ಮಾಡಿದ್ದೇನೆ. ಎಫ್‌ಎರರ್, ಎಫ್‌ಕ್ಲೋಸ್ ಸೇರಿಸಿದೆ. ಫುಲ್‌ನ ಪರೀಕ್ಷೆ ಬರೆದೆ, ಈಗ 1 ಬರುತ್ತದೆ. ನಿಖರ ಕೋಡ್ ಹೋಲಿಸುವಂತೆ ಎಲ್ಲವನ್ನೂ ತಿದ್ದಿದೆ.

ಒಂದು ವಿಚಿತ್ರ. ಅನುಮತಿ ಇಲ್ಲದ ಕಡತಕ್ಕೆ ಹೊಸ ಪರೀಕ್ಷೆ ಬರೆದೆ: ಚ್‌ಮಾಡ್‌ನಿಂದ ಎಲ್ಲ ಅನುಮತಿ ತೆಗೆದು, ಓದಲು ಹೇಳಿ, 1 ಬರಬೇಕು ಎಂದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯುತ್ತದೆ. ಸಿಐ ಸರ್ವರ್‌ನಲ್ಲಿ (ಪ್ರತಿ ಬದಲಾವಣೆಗೂ ಪರೀಕ್ಷೆಗಳನ್ನು ತಾನಾಗಿ ಓಡಿಸುವ ಯಂತ್ರ) ಪ್ರೋಗ್ರಾಂ ಆ ಕಡತವನ್ನು ಸಲೀಸಾಗಿ ಓದಿ 0 ಕೊಡುತ್ತದೆ!

---

ಅರ್ಧವಿರಾಮ · ಮಂಗಳವಾರ, ರಾತ್ರಿ 9:55

ಸಿಐ ಓಡುವುದು ಕಂಟೈನರ್ ಎಂಬ ಪ್ರತ್ಯೇಕ ಆವರಣದೊಳಗೆ, ಅಲ್ಲಿ ನೀವು ರೂಟ್, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರ. ರೂಟ್‌ಗೆ ಅನುಮತಿಯ ಗೋಡೆ ಲೆಕ್ಕಕ್ಕಿಲ್ಲ. ಸಾಮಾನ್ಯ ಬಳಕೆದಾರನಾಗಿ ಓಡಿಸಿ, ಇಲ್ಲವೇ ರೂಟ್‌ಗೂ ಬಗ್ಗದ ಸೋಲುಗಳನ್ನು ಬಳಸಿ:

ಕಡತದ ಜಾಗದಲ್ಲಿ ಡೈರೆಕ್ಟರಿಯ ಹೆಸರು ಕೊಡಿ. ದಾರಿಯ ನಡುವೆ ಡೈರೆಕ್ಟರಿ ಇರಬೇಕಾದಲ್ಲಿ ಮಾಮೂಲಿ ಕಡತವಿರಲಿ. ಅಥವಾ ಅತಿ ಉದ್ದದ ಹೆಸರು ಕೊಡಿ. ಸಾಮಾನ್ಯವಾಗಿ ಮಿತಿ 255 ಬೈಟ್. ಅಕ್ಷರವಲ್ಲ, ಬೈಟ್! ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ 85 ಸಂಕೇತಗಳಿಗೇ ಮಿತಿ ಮುಗಿಯಿತು. ಒತ್ತಕ್ಷರಗಳಿದ್ದರೆ ಕಣ್ಣಿಗೆ ಕಾಣುವ ಅಕ್ಷರಗಳು ಇನ್ನೂ ಕಡಿಮೆ. ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವ ನಮ್ಮಂಥವರಿಗೆ ಇದು ಕಲ್ಪನೆಯ ಪರೀಕ್ಷೆಯೇನೂ ಅಲ್ಲ.

ಡೈರೆಕ್ಟರಿಯ ಪರೀಕ್ಷೆಯನ್ನು ಇವತ್ತೇ ಮಾಡಿ ನೋಡಿ. ನನಗೆ ಒಂದು ಅನುಮಾನವಿದೆ.

---

ಮೂರನೇಸಾಲು · ಮಂಗಳವಾರ, ರಾತ್ರಿ 10:10

ಡೈರೆಕ್ಟರಿ ಕೊಟ್ಟೆ. ಏನೂ ಮುದ್ರಿಸಲಿಲ್ಲ, ಎಕ್ಸಿಟ್ ಕೋಡ್ 0. ಇದು ಹೇಗೆ ಸಾಧ್ಯ? ಕಡತ ತೆರೆಯುವ ಎಫ್‌ಓಪನ್ ಸೋತಿತೇ ಎಂದು ನಾನು ನೋಡುತ್ತೇನಲ್ಲ!

---

ಹಳೆಟರ್ಮಿನಲ್ · ಮಂಗಳವಾರ, ರಾತ್ರಿ 10:22

ಲಿನಕ್ಸ್‌ನಲ್ಲಿ ಡೈರೆಕ್ಟರಿಯನ್ನು ಓದಲೆಂದು ಎಫ್‌ಓಪನ್ ಮಾಡಿದರೆ ಅದು ಗೆಲ್ಲುತ್ತದೆ, ಸೋಲುವುದು ಓದುವಾಗ. ನೀವು ಸಾಲು ಓದುವ ಎಫ್‌ಗೆಟ್ಸ್ ನಲ್ (ಏನೂ ಸಿಗಲಿಲ್ಲ ಎಂಬ ಉತ್ತರ) ಕೊಡುವವರೆಗೆ ಲೂಪ್ ಓಡಿಸುತ್ತೀರಿ, ಅಲ್ಲವೇ? ಕಡತ ಮುಗಿದರೂ ಅದು ನಲ್ ಕೊಡುತ್ತದೆ, ಓದು ಸೋತರೂ ನಲ್ ಕೊಡುತ್ತದೆ. ನಿಮ್ಮ ಪ್ರೋಗ್ರಾಂ ಎರಡನ್ನೂ "ಮುಗಿಯಿತು" ಎಂದೇ ತಿಳಿದಿದೆ. ಕೆಟ್ಟ ಡಿಸ್ಕಿನಿಂದ ಅರ್ಧ ಕಡತ ಓದಿ ನಿಂತರೂ ಇದೇ ಕಥೆ. ಲೂಪ್ ಮುಗಿದ ಮೇಲೆ ಇನ್‌ಪುಟ್ ಮೇಲೂ ಎಫ್‌ಎರರ್ ಕೇಳಿ. ಡೈರೆಕ್ಟರಿಯ ಪರೀಕ್ಷೆ ಪುಕ್ಕಟೆಯಾಗಿ ಸಿಗುವ ಓದಿನ ದೋಷ, ಅದನ್ನು ಬಿಡಬೇಡಿ.

---

ಕಲಿಯುತ್ತಿದ್ದೇನೆ · ಮಂಗಳವಾರ, ರಾತ್ರಿ 10:40

ದೋಷ ಬರುವ ಜಾಗಗಳು ಇಷ್ಟೊಂದಿದ್ದರೆ ಒಂದೊಂದನ್ನೂ ಹುಡುಕಿ ಪರೀಕ್ಷೆ ಬರೆಯುವುದು ಹೇಗೆ? ಮೂರನೆಯ ಬಾರಿ ಬರೆಯುವಾಗ ಮಾತ್ರ ಸೋಲಬೇಕು ಎಂದರೆ ಫುಲ್ ನೆರವಾಗುವುದಿಲ್ಲವಲ್ಲ?

---

ಹಳೆಟರ್ಮಿನಲ್ · ಬುಧವಾರ, ಬೆಳಿಗ್ಗೆ 6:50

ನೆರವಾಗುವುದಿಲ್ಲ, ಅದು ಮೊದಲಿನಿಂದಲೇ ಸೋಲುತ್ತದೆ. ಅಲ್ಲಿಗೆ ಸ್ಟ್ರೇಸ್ ಬೇಕು. ಎಲ್ಲರೂ ಅದನ್ನು ಸಿಸ್ಟಂ ಕಾಲ್‌ಗಳನ್ನು (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂಗೆ ಮಾಡುವ ಕೋರಿಕೆಗಳು) ನೋಡಲು ಬಳಸುತ್ತಾರೆ. ಅದರ ಇಂಜೆಕ್ಟ್ ಆಯ್ಕೆಯಿಂದ ಸೋಲನ್ನು ಒಳಗೆ ತುರುಕಲೂಬಹುದು. "ರೈಟ್ ಕಾಲ್‌ನ ಮೂರನೇ ಕರೆಗೆ ಜಾಗವಿಲ್ಲ ಎಂಬ ದೋಷ ಕೊಡು" ಎಂದರೆ ಕೊಡುತ್ತದೆ. ಎಷ್ಟನೆಯ ಕರೆ ಎಂದು ಹೇಳುವ ವೆನ್‌ನಲ್ಲಿ 3 ಎಂದರೆ ಮೂರನೆಯದು ಮಾತ್ರ, 3+ ಎಂದರೆ ಅಲ್ಲಿಂದ ಮುಂದೆ ಎಲ್ಲವೂ. ಪ್ರೋಗ್ರಾಮಿನ ಒಂದು ಸಾಲನ್ನೂ ತಿದ್ದಬೇಕಿಲ್ಲ.

ಇದನ್ನು ಲೂಪ್‌ನಲ್ಲಿ ಹಾಕಿ. ಮೊದಲ ಓಟದಲ್ಲಿ 1ನೇ ಕರೆ ಸೋಲಲಿ, ಮುಂದಿನ ಓಟದಲ್ಲಿ 2ನೆಯದು, ಹೀಗೆ ಸೋಲಿಸಲು ಕರೆಯೇ ಉಳಿಯದಿರುವವರೆಗೆ. ಪ್ರತಿ ಓಟದಲ್ಲೂ ಕೇಳುವ ಪ್ರಶ್ನೆ ಒಂದೇ: ಒಂದೋ ಔಟ್‌ಪುಟ್ ಪೂರ್ತಿ ಸರಿಯಾಗಿರಬೇಕು, ಇಲ್ಲವೇ ಎಕ್ಸಿಟ್ ಕೋಡ್ 1 ಇರಬೇಕು. ಎಸ್‌ಕ್ಯೂಲೈಟ್ ಡೇಟಾಬೇಸ್‌ನ ತಂಡದವರು ನೆನಪಿನ ಹಂಚಿಕೆಯ ಸೋಲನ್ನೂ ಡಿಸ್ಕಿನ ಸೋಲನ್ನೂ ಪರೀಕ್ಷಿಸುವುದು ಈ ಉಪಾಯದಿಂದಲೇ. ಅವರದಕ್ಕೆ ಸ್ವಂತ ವ್ಯವಸ್ಥೆಯಿದೆ, ನಮ್ಮಂಥವರಿಗೆ ಸ್ಟ್ರೇಸ್ ಸಾಕು.

ಒಂದು ಎಚ್ಚರಿಕೆ. ನಿಮ್ಮ ದೋಷ ಸಂದೇಶ ಹೋಗುವುದೂ ರೈಟ್ ಕಾಲ್ ಮೂಲಕವೇ. 3+ ಹಾಕಿದರೆ ಸಂದೇಶವೂ ಸಾಯುತ್ತದೆ. ಎಕ್ಸಿಟ್ ಕೋಡ್ ಆಗಲೂ 1 ಬರಬೇಕು. ಬಾಯಿ ಕಟ್ಟಿದರೂ ತಲೆ ಅಲ್ಲಾಡಿಸಲು ಬರಬೇಕಲ್ಲ.

---

ಸೊನ್ನೆಒಂದು · ಬುಧವಾರ, ಬೆಳಿಗ್ಗೆ 9:15

ಇದು ನನಗೆ ಹಿಡಿಸಿತು. ಸಾವಿರ ಸಾಲಿನ ಪರೀಕ್ಷೆ ಎಂದು ಹೆದರಿದ್ದೆ, ಇದು ಹತ್ತು ಸಾಲಿನ ಲೂಪ್. ಮೊದಲೇ ಹೀಗೆ ಹೇಳಿದ್ದರೆ ನಾನು ಜಗಳಕ್ಕೇ ಬರುತ್ತಿರಲಿಲ್ಲ.

ಹಳೆಯದೊಂದು ನೆನಪಾಯಿತು. 1990ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಯುನಿಕ್ಸ್‌ನ ಮಾಮೂಲಿ ಆಜ್ಞೆಗಳಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿ ಸುರಿದು ನೋಡಿದ ಫಲಿತಾಂಶ ಪ್ರಕಟಿಸಿದರು. ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಜ್ಞೆಗಳು ಕುಸಿದಿದ್ದವು ಅಥವಾ ನೇತಾಡಿದ್ದವು. ಗುಡುಗು ಮಳೆಯ ರಾತ್ರಿ ಮೋಡೆಮ್ ಮೂಲಕ ಕೆಲಸ ಮಾಡುತ್ತಿದ್ದಾಗ ತಂತಿಯ ಗದ್ದಲದಿಂದ ಹೊಳೆದ ಯೋಚನೆಯಂತೆ. ಫಝಿಂಗ್ ಎಂಬ ಹೆಸರು ಅಲ್ಲಿಂದಲೇ ಬಂದದ್ದು.

---

ನಿಶಾಚರಿ · ಬುಧವಾರ, ಬೆಳಿಗ್ಗೆ 9:50

ನನ್ನ ಕಡೆಯಿಂದ ಒಂದು ಬೇಡಿಕೆ: ಸೋತಾಗ ಹಳೆಯ ಕಡತ ಉಳಿಯಲಿ. > ಚಿಹ್ನೆ ಹಾಕಿದ ಕೂಡಲೇ, ಪ್ರೋಗ್ರಾಂ ಶುರುವಾಗುವ ಮೊದಲೇ, ಶೆಲ್ ಹಳೆಯ ಕಡತವನ್ನು ಬರಿದು ಮಾಡುತ್ತದೆ. ಪ್ರೋಗ್ರಾಂ ಎಷ್ಟೇ ಪ್ರಾಮಾಣಿಕವಾಗಿ 1 ಕೊಟ್ಟರೂ ನಿನ್ನೆಯದು ಹೋಯಿತು, ಇಂದಿನದು ಬರಲಿಲ್ಲ. ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದನ್ನು ಡಿಸ್ಕಿಗೇ ಇಳಿಸುವುದು), ಗೆದ್ದರೆ ಮಾತ್ರ ಹೆಸರು ಬದಲಿಸಿ. ಪರೀಕ್ಷೆಯಲ್ಲಿ ನಡುವೆಯೇ ಕಿಲ್ -9 ಮಾಡಿ (ಪ್ರೋಗ್ರಾಮನ್ನು ಬಲವಂತವಾಗಿ ಕೊಲ್ಲುವ ಆಜ್ಞೆ), ನಿನ್ನೆಯ ಕಡತ ಒಂದು ಬೈಟ್ ಕೂಡ ಬದಲಾಗದೆ ಇದೆಯೇ ನೋಡಿ.

ಸಂದೇಶದಲ್ಲಿ ಪ್ರೋಗ್ರಾಮಿನ ಹೆಸರು, ಕಡತದ ಹೆಸರು, ಕಾರಣ ಮೂರೂ ಇರಲಿ. ರಾತ್ರಿ ಎರಡು ಗಂಟೆಗೆ "ತೆರೆಯಲಾಗಲಿಲ್ಲ" ಎಂಬ ಒಂದೇ ಪದ ನೋಡಿದರೆ ನಮ್ಮ ಬಾಯಿಂದ ಬರುವ ಮಾತು ಇಲ್ಲಿ ಬರೆಯುವಂಥದ್ದಲ್ಲ.

---

ಅರ್ಧವಿರಾಮ · ಬುಧವಾರ, ಬೆಳಿಗ್ಗೆ 10:05

ಅದಕ್ಕೆ ಸೇರಿಸಿ: ಪರೀಕ್ಷೆಯಲ್ಲಿ ಕಾರಣದ ಪದಗಳನ್ನು ಅಕ್ಷರಶಃ ಹೋಲಿಸಬೇಡಿ, ಅಥವಾ ಸಂದೇಶಗಳ ಭಾಷೆ ಗೊತ್ತುಮಾಡುವ ಎಲ್‌ಸಿ_ಆಲ್ ಚರಾಂಶವನ್ನು ಸಿ ಎಂದಿಟ್ಟು ಓಡಿಸಿ. ಆ ಪದಗಳು ಬರುವುದು ವ್ಯವಸ್ಥೆಯಿಂದ, ಭಾಷೆ ಬದಲಾದರೆ ಅವೂ ಬದಲಾಗುತ್ತವೆ. ಕಡತದ ಹೆಸರು ಸಂದೇಶದಲ್ಲಿದೆಯೇ ಎಂದು ನೋಡಿದರೆ ಸಾಕು.

---

ಮೂರನೇಸಾಲು · ಗುರುವಾರ, ರಾತ್ರಿ 11:30

ಸ್ಟ್ರೇಸ್ ಲೂಪ್ ಓಡಿಸಿದೆ. ಮೊದಲ ಓಟಗಳಲ್ಲೇ ಇನ್ನೊಂದು ಹುಳುಕು ಸಿಕ್ಕಿತು: ಎಚ್ಚರಿಕೆಗಳನ್ನು ಬರೆಯುವ ಪಕ್ಕದ ಕಡತದ ಎಫ್‌ಕ್ಲೋಸ್ ಉತ್ತರವನ್ನು ನಾನು ನೋಡಿಯೇ ಇರಲಿಲ್ಲ. ತಿದ್ದಿದೆ. ತಾತ್ಕಾಲಿಕ ಹೆಸರಿನ ಉಪಾಯವೂ ಸೇರಿದೆ, ಕಿಲ್ -9 ಪರೀಕ್ಷೆ ಪಾಸ್.

ಆಮೇಲೆ ಬೇಕೆಂದೇ ಎಫ್‌ಎರರ್ ಸಾಲನ್ನು ತೆಗೆದು, ಪರೀಕ್ಷೆಗಳು ಕೆಂಪಾಗುತ್ತವೆಯೇ ಎಂದು ಸಿಐಗೆ ಕಳುಹಿಸಿದೆ. ಲ್ಯಾಪ್‌ಟಾಪ್‌ನಲ್ಲಿ ಕೆಂಪು. ಸಿಐನಲ್ಲಿ ಹಸಿರು! ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಕಣ್ಣಿಗೆ ಬಿತ್ತು. ಸಿಐ ಸ್ಕ್ರಿಪ್ಟ್‌ನಲ್ಲಿ ಪರೀಕ್ಷೆಗಳ ಔಟ್‌ಪುಟನ್ನು ಟೀ ಆಜ್ಞೆಗೆ ಪೈಪ್ ಮಾಡಿದ್ದೆ, ಲಾಗ್ ಉಳಿಯಲಿ ಎಂದು. @ಪೈಪುಗಾರ ಮಂಗಳವಾರವೇ ಹೇಳಿದ್ದರು: ಕೊನೆಯವನು ಟೀ, ಟೀ ಯಾವಾಗಲೂ ಸುಖಿ. ನನ್ನ ಸಿಐ ಎಂದಿನಿಂದ ಕುರುಡಾಗಿತ್ತೋ ಈಗ ಲೆಕ್ಕ ಹಾಕುವ ಧೈರ್ಯವಿಲ್ಲ.

---

ಪೈಪುಗಾರ · ಗುರುವಾರ, ರಾತ್ರಿ 11:41

ನಾನು ಏನೂ ಹೇಳುವುದಿಲ್ಲ. ಸುಮ್ಮನೆ ಇಲ್ಲಿ ಕುಳಿತಿದ್ದೇನೆ ಅಷ್ಟೇ.

---

ಹಳೆಟರ್ಮಿನಲ್ · ಶುಕ್ರವಾರ, ಬೆಳಿಗ್ಗೆ 7:10

ಒಂದು ಪ್ರಶ್ನೆ ಉಳಿದಿದೆ. ರೂಪ ಕೆಟ್ಟ ಸಾಲುಗಳು ಸಿಕ್ಕಾಗ ಎಕ್ಸಿಟ್ ಕೋಡ್ ಏನು ಕೊಡುತ್ತೀರಿ?

---

ಮೂರನೇಸಾಲು · ಶುಕ್ರವಾರ, ಬೆಳಿಗ್ಗೆ 8:30

ಎಷ್ಟು ಸಾಲು ಕೆಟ್ಟಿವೆಯೋ ಆ ಎಣಿಕೆಯನ್ನೇ. ಸ್ಕ್ರಿಪ್ಟ್‌ಗೆ ಸಂಖ್ಯೆ ನೇರವಾಗಿ ಸಿಗುತ್ತದೆ, ಉಪಯೋಗವಾಗುತ್ತದೆ. ಪರೀಕ್ಷೆಯೂ ಇದೆ: ಮೂರು ಕೆಟ್ಟ ಸಾಲು ಕೊಟ್ಟರೆ 3 ಬರಬೇಕು, ಬರುತ್ತದೆ.

---

ಹಳೆಟರ್ಮಿನಲ್ · ಶುಕ್ರವಾರ, ಬೆಳಿಗ್ಗೆ 8:34

256 ಕೆಟ್ಟ ಸಾಲು ಕೊಟ್ಟು ನೋಡಿ.

---

ಮೂರನೇಸಾಲು · ಶುಕ್ರವಾರ, ಬೆಳಿಗ್ಗೆ 8:52

ಸೊನ್ನೆ.

---

ಕಲಿಯುತ್ತಿದ್ದೇನೆ · ಶುಕ್ರವಾರ, ಬೆಳಿಗ್ಗೆ 8:58

ಅಯ್ಯೋ! ಎಕ್ಸಿಟ್ ಕೋಡ್‌ನಿಂದ ಶೆಲ್‌ಗೆ ಸಿಗುವುದು ಕೆಳಗಿನ 8 ಬಿಟ್ ಮಾತ್ರ, ಅದಕ್ಕೇ ಅಲ್ಲವೇ? 256 ಆದರೆ 0, 257 ಆದರೆ 1?

---

ಹಳೆಟರ್ಮಿನಲ್ · ಶುಕ್ರವಾರ, ಬೆಳಿಗ್ಗೆ 9:01

ಹೌದು. 512ಕ್ಕೂ ಸೊನ್ನೆಯೇ. 127 ಸಾಲು ಕೆಟ್ಟಿದ್ದರೆ "ಆಜ್ಞೆಯೇ ಇಲ್ಲ" ಎಂದು ಓದಿಸಿಕೊಳ್ಳುತ್ತದೆ, 139 ಕೆಟ್ಟಿದ್ದರೆ ಕುಸಿದಂತೆ ಕಾಣುತ್ತದೆ. ಎಣಿಕೆಯನ್ನು ಸ್ಟ್ಯಾಂಡರ್ಡ್ ಎರರ್‌ಗೆ ಮುದ್ರಿಸಿ, ಕೋಡ್ 1 ಕೊಡಿ.

---

ಮೂರನೇಸಾಲು · ಶುಕ್ರವಾರ, ರಾತ್ರಿ 9:20

ತಿದ್ದಿದೆ. 256 ಕೆಟ್ಟ ಸಾಲುಗಳ ಕಡತವನ್ನು ಪರೀಕ್ಷೆಗಳ ಜೊತೆಗೇ ಇಟ್ಟಿದ್ದೇನೆ, ಯಾರಾದರೂ ಒಂದು ಸಾಲು ಅಳಿಸದಂತೆ ಹೆಸರಿನಲ್ಲೇ "ಎಣಿಕೆ ಬದಲಿಸಬೇಡಿ" ಎಂದು ಬರೆದು. ತಿದ್ದುವ ಮೊದಲು ಒಮ್ಮೆ ಸಿಐಗೆ ಕಳುಹಿಸಿದೆ, ಟೀ ಇಲ್ಲದ ಹೊಸ ಸ್ಕ್ರಿಪ್ಟ್ ಅದನ್ನು ಕೆಂಪಾಗಿ ತೋರಿಸಿತು. ಕ್ರಾನ್ ಸಾಲಿನಲ್ಲಿ && ಆದ ಮೇಲೆ ಅಳಿಸುತ್ತಿದ್ದುದನ್ನು ತೆಗೆದು, ಮೂಲ ಕಡತವನ್ನು ಬೇರೆ ಡೈರೆಕ್ಟರಿಗೆ ಸರಿಸುವಂತೆ ಮಾಡಿದ್ದೇನೆ. ಹದಿನೈದು ದಿನ ಅಲ್ಲೇ ಇರಲಿ.